ಮುಳ್ಳಿನ ಲೆಕ್ಕ

ಮಗಳು ಅರ್ಧಕ್ಕೇ ಬಿಟ್ಟ ಭೂಗೋಳದ ನೋಟ್‌ಬುಕ್ಕಿನಲ್ಲಿ
ನನ್ನ ಹೆಂಡತಿ ಮಿಯೆನ್ ಲೆಕ್ಕ ಬರೆಯುತ್ತಾಳೆ.
ಎಡಕ್ಕೆ ಮೆಕಾಂಗ್ ನದಿ, ಬಣ್ಣ ಹಚ್ಚಿಲ್ಲ.
ಬಲಕ್ಕೆ ಮುಳ್ಳುಹಂದಿಗಳು: ಇಪ್ಪತ್ತೆರಡು ಗೂಡು,
ತಿಂದದ್ದೆಷ್ಟು, ಹೆತ್ತದ್ದೆಷ್ಟು.

ಕೊಂಡವನು ನಾನು. ಒಪ್ಪುತ್ತೇನೆ.
ಆಗ ಹೋವಾಬಿನ್‌ನ ಈ ಕಣಿವೆಯಲ್ಲಿ
ಒಂದು ಜೋಡಿ ಮರಿಗೆ ಒಂದು ಎಮ್ಮೆಯ ಬೆಲೆ.
ನಾನು ಲುವಾನ್‌ಗೆ ಮಾರಿದೆ, ಲುವಾನ್ ತನ್ನ ಷಡ್ಡಕನಿಗೆ,
ಷಡ್ಡಕ ಗುಡ್ಡದಾಚೆಯವನಿಗೆ,
ಗುಡ್ಡದಾಚೆಯವನು ಮರಿ ಹೊತ್ತು
ನನ್ನ ಬಾಗಿಲಿಗೇ ಬಂದ.
ಸಾಕಿದೆವು, ಎಲ್ಲರೂ ಸಾಕಿದೆವು,
ತಿನ್ನುವವನೊಬ್ಬನೂ ಇರಲಿಲ್ಲ.
ಕಾಳಿಲ್ಲದೆ ಬೀಸಿದ ಕಲ್ಲು, ಸದ್ದು ಮಾತ್ರ ಜೋರು.
ಒಂದು ಬೆಳಿಗ್ಗೆ ಎಮ್ಮೆ ಮೇಕೆಯಾಯಿತು,
ಮರುವರ್ಷ ಬಾತುಕೋಳಿ.

ಮಿಯೆನ್ ಬೈಯಲಿಲ್ಲ. ಪುಸ್ತಕ ತೆಗೆದಳು.

"ಮೊದಲು ಚೀಲದ ಮೇವು ನಿಲ್ಲಿಸು."
ಈಗ ಸಂತೆ ಮುಗಿಯುವ ಹೊತ್ತಿಗೆ ನನ್ನ ಸೈಕಲ್ಲು ಹೊರಡುತ್ತದೆ,
ಮುರಿದ ಗೆಣಸಿಗೆ, ಕಬ್ಬಿನ ಸುಳಿಗೆ, ಮೆತ್ತಗಾದ ಪೇರಲಕ್ಕೆ.
ಫೋ ಅಂಗಡಿಯ ಮುದುಕಿ
ಸಾರಿಗೆ ಕುದಿಸಿ ಬಿಟ್ಟ ಮೂಳೆ ಕೊಡುತ್ತಾಳೆ,
ವಾರಕ್ಕೊಂದು ಬಾಳೆಹೂವಿಗೆ.
ಮೂಳೆ ಕಡಿದರೆ ಹಲ್ಲು ಸವೆಯುತ್ತದೆ,
ಹಲ್ಲು ಸವೆದರೆ ಗೂಡಿನ ಸಿಮೆಂಟು ಉಳಿಯುತ್ತದೆ.
ಉಳಿದ ಸಿಮೆಂಟನ್ನೂ ಆದಾಯಕ್ಕೆ ಬರೆದಿದ್ದಾಳೆ.
ಹಿಕ್ಕೆ ಕಿತ್ತಳೆ ತೋಟದವರ ಪಾಲು.
ಉದುರಿದ ಮುಳ್ಳು ತೊಳೆದು, ಉದ್ದ ನೋಡಿ ಕಟ್ಟಿ
ಹನೋಯ್‌ನಲ್ಲಿ ತುರುಬಿನ ಕಡ್ಡಿ ಮಾಡುವ ಹುಡುಗಿಗೆ.
ಅರಣ್ಯದ ಸಾಹೇಬ ಬಂದರೆ
ಕಾಗದ ಮೊದಲು, ಚಹಾ ಆಮೇಲೆ.

ಹೆಣ್ಣು ಬೆದೆಗೆ ಬಂದ ರಾತ್ರಿಗೆ ಗುರುತು ಹಾಕಿ
ಮೂರು ತಿಂಗಳು ಎಣಿಸುತ್ತಾಳೆ.
ಹುಟ್ಟಿದ ಮರಿಯ ಮುಳ್ಳು ಒದ್ದೆ ಹುಲ್ಲಿನಷ್ಟು ಮೆತ್ತಗೆ.
ಗಾಳಿ ತಾಗಿ ಗಟ್ಟಿಯಾಗುವ ಮೊದಲು
ಅಂಗೈಯಲ್ಲಿಟ್ಟು ತೂಕ ನೋಡುತ್ತಾಳೆ.
ಆಗಷ್ಟೇ ಅವಳ ತುಟಿ ಎಣಿಸುವುದಿಲ್ಲ.

ಏಳನೇ ಗೂಡಿನಲ್ಲಿ ಒಂದು ಮುದಿ ಗಂಡು.
ನಾನು ಕೊಂಡ ಮೊದಲ ಜೋಡಿಯದು.
ಜೊತೆಯದು ಸತ್ತು ಎರಡು ವರ್ಷ,
ಹೊಸ ಹೆಣ್ಣು ಬಿಟ್ಟರೆ ಗರಗರ ಬಾಲ ಅಲ್ಲಾಡಿಸಿ
ಬೆನ್ನು ತಿರುಗಿಸಿ ಮೂಲೆ ಸೇರುತ್ತದೆ.
"ದಿನಕ್ಕೆ ಒಂದೂವರೆ ಕಿಲೋ ತಿನ್ನುತ್ತದೆ,
ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಓಡಾಟ,
ಮೂರು ವರ್ಷದಿಂದ ಏನೂ ಇಲ್ಲ,"
ಓದಿದಳು ಮಿಯೆನ್, ಜೋರಾಗಿ.
ನಾನು ಬಿದಿರಿನ ಹುಕ್ಕ ಮೆಲ್ಲಗೆ ಕೆಳಗಿಟ್ಟೆ.
ಯಾರ ಬಗ್ಗೆ ಎಂದು ಕೇಳಲಿಲ್ಲ.

ಶನಿವಾರ ಪಟ್ಟಣದ ಹೋಟೆಲಿನವನು ಬಂದ.
ಪಂಜರ ಹಿಡಿದು ನಿಂತವನು ನಾನೇ.
ತಕ್ಕಡಿಯ ಮುಳ್ಳು ನಡುಗಿತು,
ಪಂಜರ ಕಳೆದು ಹನ್ನೊಂದಕ್ಕೆ ನಿಂತಿತು.
ಒಳಗಿನವು ನಿಲ್ಲಲಿಲ್ಲ.

ಬೆಲೆ ಚೆನ್ನಾಗಿಯೇ ಸಿಕ್ಕಿತು. ಸುಳ್ಳು ಹೇಳಬಾರದು.
ಆ ಹಣದಲ್ಲಿ ನಾಲ್ಕು ಗೂಡಿಗೆ ಹೊಸ ತಗಡು ಬಂತು,
ಮಿಯೆನ್ ಏಳನೇ ಸಾಲಿಗೆ ಅಡ್ಡಗೆರೆ ಎಳೆದಳು,
ಪೆನ್ನು ಎತ್ತುವುದನ್ನು ಮರೆತಳೇನೋ,
ಗೆರೆಯ ತುದಿಯಲ್ಲಿ ಮಸಿ ದಪ್ಪಗೆ ಹರಡಿದೆ.

ಅವಳು ಸ್ನಾನಕ್ಕೆ ಹೋದಾಗ ಪುಟ ತಿರುವಿದೆ.
ಕೊನೆಯಲ್ಲಿ ನನ್ನ ಹೆಸರು: ದಿಯೆಮ್.
ತಂಬಾಕು ಇಷ್ಟು, ಸೈಕಲ್ ಟಯರು ಇಷ್ಟು,
ಹಲ್ಲಿನ ಡಾಕ್ಟರಿಗೆ ಇಷ್ಟು.
ಎದುರಿನ ಕಡೆ ಖಾಲಿ.
ಗೂಡಿನ ನಂಬರು ಮಾತ್ರ ಹಾಕಿಲ್ಲ.

"ಬಾಳೆದಿಂಡು ಹೆಚ್ಚಿದ್ದೀಯಾ?" ಹಿತ್ತಲಿಂದ ಕೂಗಿದಳು,
"ಇಪ್ಪತ್ತೊಂದೇ ಈಗ, ನೆನಪಿರಲಿ."

ಇಪ್ಪತ್ತೆರಡು ಪಾಲು ಮಾಡಿದ್ದೆ.
ಕೈಗೆ ಹಳೆಯ ಲೆಕ್ಕವೇ ರೂಢಿ.
ಒದ್ದೆ ಕೂದಲು ಹಿಂಡುತ್ತ ಬಂದ ಮಿಯೆನ್
ಮಿಕ್ಕ ಪಾಲನ್ನು ನೋಡಿದಳು,
ನನ್ನನ್ನು ನೋಡಿದಳು,
ಪುಸ್ತಕ ಕೈಯಲ್ಲೇ ಇತ್ತು.
ಬರೆಯಲಿಲ್ಲ.